ಬಾಗಿಲು ಹಾಕಿಕೊಂಡೆಯಾ?

2009ರ ಫೆಬ್ರವರಿಯಲ್ಲಿ ನಾನು ಓದಲೆಂದು ಮೆಲ್ಬರ್ನಿಗೆ ಬಂದಿಳಿದಾಗ ನನ್ನ ಕೈಚೀಲದ ಪಟ್ಟಿಯಲ್ಲಿ ಒಂದು ಸೇಫ್ಟಿ ಪಿನ್ನು ಇತ್ತು. ಅದಕ್ಕೆ ಹಿಂದಿನ ಎರಡು ವರ್ಷ ಬೆಂಗಳೂರಿನ ವಿಜಯನಗರದ ಪಿಜಿಯೊಂದರಲ್ಲಿದ್ದುಕೊಂಡು ಕೆಲಸಕ್ಕೆ ಹೋಗುತ್ತಿದ್ದಾಗ, ಬಿಎಂಟಿಸಿ ಬಸ್ಸಿನ ನೂಕುನುಗ್ಗಲಿನಲ್ಲಿ ಹಿಂದಿನಿಂದ ಚಾಚಿ ಬರುವ ಕೈಗಳಿಗೆ ಚುಚ್ಚಲೆಂದು ಇಟ್ಟುಕೊಂಡಿದ್ದ ಪಿನ್ನು ಅದು. ನನ್ನ ಜೊತೆಗಿದ್ದ ಹುಡುಗಿಯರೆಲ್ಲರ ಬಳಿಯೂ ಅಂಥದ್ದೊಂದು ಇರುತ್ತಿತ್ತು; ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಸೇಂಟ್ ಆಲ್ಬನ್ಸಿನಲ್ಲಿ ಮೂವರು ಸೇರಿ ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿ, ಬಂದು ಐದಾರು ವಾರ ಕಳೆದ ಮೇಲೆ ಒಂದು ಭಾನುವಾರ ಚೀಲ ಒಗೆಯಲು ತೆಗೆದಾಗ ಆ ಪಿನ್ನು ಕೈಗೆ ಸಿಕ್ಕಿತು. ಇಷ್ಟು ದಿನ ಅದನ್ನು ಮುಟ್ಟಿಯೇ ಇಲ್ಲವಲ್ಲ ಎಂಬುದು ಆಗ ಹೊಳೆಯಿತು. ಬಟ್ಟೆ ಒಗೆಯುವುದನ್ನು ಬಿಟ್ಟು, ಪಿನ್ನನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದೆ.

ಪರದೇಶಕ್ಕೆ ಹೋದವರು ಅಲ್ಲಿ ಎಷ್ಟು ಸುರಕ್ಷಿತರು ಎಂದು ಊರಿನಲ್ಲಿ ಯಾರಾದರೂ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಪಿನ್ನು. ಹೊಸ ಊರಿನಲ್ಲಿ ಎಷ್ಟು ಅಪರಾಧ ನಡೆಯುತ್ತದೆ ಎಂಬ ಲೆಕ್ಕದಿಂದ ನಮ್ಮ ಧೈರ್ಯವಾಗಲಿ ಅಂಜಿಕೆಯಾಗಲಿ ಹುಟ್ಟುವುದಿಲ್ಲ. ಹೊರಡುವಾಗ ನಾವು ಯಾವ ಭಯವನ್ನು ಗಂಟು ಕಟ್ಟಿಕೊಂಡು ಬಂದೆವು, ಬಂದ ಮೇಲೆ ಅದರಲ್ಲಿ ಯಾವುದು ಕಳಚಿತು, ಯಾವುದು ಹೊಸದಾಗಿ ಅಂಟಿಕೊಂಡಿತು ಎಂಬುದರಿಂದ ಹುಟ್ಟುತ್ತದೆ. ಹದಿನಾರು ವರ್ಷ ಇದೇ ನಗರದಲ್ಲಿ ಬದುಕಿದ ಮೇಲೆ ನನಗೆ ಖಚಿತವಾಗಿ ಹೇಳಬಹುದು ಎನಿಸುವ ಮಾತು ಇದೊಂದೇ.

ಏಕೆಂದರೆ ನಾನು ಪಿನ್ನನ್ನು ಸೂಜಿದಾರದ ಡಬ್ಬಿಗೆ ಹಾಕಿದ ಅದೇ ತಿಂಗಳುಗಳಲ್ಲಿ ನನ್ನ ಗಂಡು ಸಹಪಾಠಿಗಳು ಹೆದರಲು ಕಲಿಯುತ್ತಿದ್ದರು. ಅವರಲ್ಲಿ ಒಬ್ಬ ದಾವಣಗೆರೆಯವನು. ರಾತ್ರಿ ಎರಡನೇ ಆಟ ಸಿನಿಮಾ ನೋಡಿಕೊಂಡು ಒಬ್ಬನೇ ನಡೆದು ಮನೆಗೆ ಹೋಗುತ್ತಿದ್ದವನು, ಭಯವೆಂದರೆ ಏನೆಂದು ತಿಳಿಯದೆ ಬೆಳೆದವನು. ಇಲ್ಲಿ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ಆ ವರ್ಷದ ಏಪ್ರಿಲ್‌ನಲ್ಲಿ ಗಿನಿಫರ್ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ನಡೆಯುತ್ತಿದ್ದಾಗ ನಾಲ್ಕು ಹುಡುಗರು ಅಡ್ಡಗಟ್ಟಿ, ಮೊಬೈಲು ಕಿತ್ತುಕೊಂಡು, ಕೊಟ್ಟ ಮೇಲೂ ಹೊಡೆದರು. ಮೇಲ್ದುಟಿಗೆ ಮೂರು ಹೊಲಿಗೆ ಬಿದ್ದವು. ಮನೆಗೆ ಫೋನು ಮಾಡಿ, ಸ್ನಾನದ ಮನೆಯಲ್ಲಿ ಜಾರಿ ಬಿದ್ದೆ ಎಂದ. ಪೊಲೀಸರಿಗೆ ದೂರು ಕೊಡಲಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ಆಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿರಲಿಲ್ಲ, ಅವನು ಮಾಡುತ್ತಿದ್ದ. ಎಲ್ಲಿಂದ ಬರುತ್ತಿದ್ದೆ, ಆ ಹೊತ್ತಿನಲ್ಲಿ ಏಕೆ ಬರುತ್ತಿದ್ದೆ ಎಂದು ಕೇಳಿದರೆ ಏನು ಹೇಳುವುದು ಎಂಬುದು ಅವನ ಚಿಂತೆ. ಹೊಡೆದವರಿಗಿಂತ ವೀಸಾಗೆ ಹೆಚ್ಚು ಹೆದರಿದ್ದ. ಅಪರಾಧದ ಅಂಕಿಅಂಶಗಳಲ್ಲಿ ಅವನ ಹೊಲಿಗೆಗಳಿಗೆ ಜಾಗವಿಲ್ಲ ಎಂಬುದನ್ನು, ಅಂಥ ಅಂಕಿಅಂಶ ಓದುವಾಗಲೆಲ್ಲ ನೆನಪು ಮಾಡಿಕೊಳ್ಳುತ್ತೇನೆ.

ಅದು ಮೆಲ್ಬರ್ನಿನಲ್ಲಿದ್ದ ಭಾರತೀಯ ವಿದ್ಯಾರ್ಥಿಗಳೆಲ್ಲರಿಗೂ ಕೆಟ್ಟ ವರ್ಷ. ಹಿಂದಿನ ವರ್ಷವೇ, 2008ರ ಏಪ್ರಿಲ್‌ನಲ್ಲಿ, ಚೂರಿ ಇರಿತಕ್ಕೆ ಒಳಗಾದ ಭಾರತೀಯ ಟ್ಯಾಕ್ಸಿ ಚಾಲಕನೊಬ್ಬನಿಗಾಗಿ ಚಾಲಕರು ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ನಿನ ಮುಂದಿನ ಕೂಡುರಸ್ತೆಯನ್ನೇ ತಡೆದು ಕುಳಿತಿದ್ದರು. ಚಾಲಕನ ಸೀಟಿಗೆ ರಕ್ಷಣಾ ಗಾಜು, ರಾತ್ರಿ ಪ್ರಯಾಣಕ್ಕೆ ಮುಂಗಡ ಹಣ ಎಂಬ ನಿಯಮಗಳು ಬಂದದ್ದು ಅದರ ನಂತರ. 2009ರ ಮೇ 31ರಂದು ಸಾವಿರಾರು ವಿದ್ಯಾರ್ಥಿಗಳು ಅದೇ ಜಾಗದಲ್ಲಿ ಮತ್ತೆ ಧರಣಿ ಕುಳಿತರು. ನಮ್ಮ ಮನೆಯಿಂದ ನಾವು ಮೂವರೂ ಹೋಗಿದ್ದೆವು, ಕತ್ತಲಾಗುವ ಮುಂಚೆ ವಾಪಸು ಬಂದೆವು. ಅದಕ್ಕೂ ಕೆಲವು ತಿಂಗಳ ಹಿಂದೆ ಇಲ್ಲಿನ ಪೊಲೀಸ್ ಅಧಿಕಾರಿಯೊಬ್ಬರು ರೈಲಿನಲ್ಲಿ ನಿಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಮಾತಾಡಬೇಡಿ, ಐಪಾಡು, ಗಡಿಯಾರ, ಒಡವೆ ಹೊರಗೆ ಕಾಣುವಂತೆ ಇಟ್ಟುಕೊಳ್ಳಬೇಡಿ ಎಂದು ಭಾರತೀಯರಿಗೆ ಬುದ್ಧಿ ಹೇಳಿದ್ದರು. ಒಳ್ಳೆಯ ಉದ್ದೇಶದಿಂದಲೇ ಹೇಳಿರಬೇಕು. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಮಾಡಿದ ಗಾಯ ಇನ್ನೂ ಪೂರ್ತಿ ಮಾಯ್ದಿಲ್ಲ. ಒಡವೆಯನ್ನು ಬಟ್ಟೆಯ ಒಳಗೆ ಮುಚ್ಚಿಟ್ಟುಕೊಳ್ಳಬಹುದು. ಕನ್ನಡವನ್ನು ಎಲ್ಲಿ ಮುಚ್ಚಿಡುವುದು? ಅವತ್ತಿನಿಂದ ಬಹಳ ವರ್ಷ ನಾನು ರೈಲಿನಲ್ಲಿ ಅಮ್ಮನ ಫೋನು ಬಂದರೆ ದನಿ ಇಳಿಸಿ ಮಾತಾಡುತ್ತಿದ್ದೆ.

ಆ ಹಲ್ಲೆಗಳೆಲ್ಲ ಜನಾಂಗದ್ವೇಷದಿಂದ ನಡೆದವೇ, ಅಥವಾ ಕೈಯಲ್ಲಿ ಲ್ಯಾಪ್‌ಟಾಪು, ಮೊಬೈಲು ಹಿಡಿದು ಅಪರಾತ್ರಿಯಲ್ಲಿ ಒಬ್ಬಂಟಿಯಾಗಿ ಓಡಾಡುವವರೆಂಬ ಕಾರಣಕ್ಕೆ ನಡೆದವೇ ಎಂಬ ವಾದ ಆಗ ಎರಡೂ ದೇಶಗಳಲ್ಲಿ ಜೋರಾಗಿ ನಡೆಯಿತು. 2011ರಲ್ಲಿ ಆಸ್ಟ್ರೇಲಿಯದ ಅಪರಾಧಶಾಸ್ತ್ರ ಸಂಸ್ಥೆ 2005ರಿಂದ 2009ರವರೆಗಿನ ದಾಖಲೆಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಭಾರತೀಯ ವಿದ್ಯಾರ್ಥಿಗಳ ಮೇಲಿನ ದೈಹಿಕ ಹಲ್ಲೆಯ ಪ್ರಮಾಣ ಇಲ್ಲಿನ ಸಾಮಾನ್ಯ ಜನರ ಮೇಲೆ ನಡೆಯುವುದಕ್ಕಿಂತ ಹೆಚ್ಚೇನೂ ಇರಲಿಲ್ಲ, ಆದರೆ ದರೋಡೆಯ ಪ್ರಮಾಣ ಹೆಚ್ಚಾಗಿತ್ತು. ಪೆಟ್ರೋಲ್ ಬಂಕು, ಅಂಗಡಿ, ಟ್ಯಾಕ್ಸಿಗಳಲ್ಲಿ ರಾತ್ರಿ ಪಾಳಿಯ ಕೆಲಸ, ತಡರಾತ್ರಿಯ ರೈಲು ಪ್ರಯಾಣ ಅದಕ್ಕೆ ಸೇರಿಕೊಂಡಿದ್ದ ಕಾರಣಗಳು. ಜನಾಂಗದ್ವೇಷದ ಪಾಲು ಎಷ್ಟೆಂದು ಪೊಲೀಸ್ ದಾಖಲೆಗಳಿಂದ ಹೇಳಲಾಗದು ಎಂಬುದು ಅದರ ಸಾರ. ನಮ್ಮಲ್ಲಿ ಅನೇಕರಿಗೆ ಈ ವರದಿಯಿಂದ ಸಿಟ್ಟು ಬಂತು. ನನಗೆ ಬರಲಿಲ್ಲ. ದಾವಣಗೆರೆಯ ನನ್ನ ಗೆಳೆಯನ ಬದುಕನ್ನು ಅದು ಸರಿಯಾಗಿಯೇ ಬರೆದಿತ್ತು ಎಂದು ನನ್ನ ಅಭಿಪ್ರಾಯ. ಬಾಡಿಗೆ ಕಡಿಮೆ ಎಂದು ದೂರದ ಬಡಾವಣೆಯಲ್ಲಿ ಮನೆ, ಬೇರೆಯವರು ಒಲ್ಲದ ಹೊತ್ತಿನ ಕೆಲಸ, ಸಿಬ್ಬಂದಿಯೇ ಇಲ್ಲದ ಸ್ಟೇಷನ್ನು, ಕಾರಿಲ್ಲದ್ದರಿಂದ ನಡಿಗೆ. ಹೊಡೆದ ಹುಡುಗರ ಬಾಯಿಂದ ಬಂದ ಬೈಗುಳ ಅವನ ಚರ್ಮದ ಬಣ್ಣದ್ದೇ ಆಗಿತ್ತು ಎಂಬುದೂ ನಿಜ. 2010ರ ಜನವರಿ 2ರ ರಾತ್ರಿ ಯಾರಾವಿಲ್‌ನ ಪಾರ್ಕಿನೊಳಗೆ ಹಾದು ಕೆಲಸಕ್ಕೆ ಹೋಗುತ್ತಿದ್ದ 21 ವರ್ಷದ ಪಂಜಾಬಿ ಯುವಕನನ್ನು ಇರಿದು ಕೊಂದದ್ದು ಹದಿನೈದು ವರ್ಷದ ಹುಡುಗ. ಅವನಿಗೆ ಬೇಕಾಗಿದ್ದದ್ದು ಮೊಬೈಲು ಎಂದು ಮುಂದೆ ನ್ಯಾಯಾಲಯದಲ್ಲಿ ತಿಳಿಯಿತು. ಆ ಸುದ್ದಿ ಬಂದ ವಾರ ನಮ್ಮ ತರಗತಿಯ ಗಂಡುಹುಡುಗರು ಗುಂಪು ಕಟ್ಟಿಕೊಂಡು, ನಮ್ಮೂರಿನಲ್ಲಿ ಹೆಣ್ಣುಮಕ್ಕಳು ಓಡಾಡುವ ಹಾಗೆ, ಒಬ್ಬರಿಗೊಬ್ಬರು ಕಾದು ಸ್ಟೇಷನ್ನಿಗೆ ಹೋಗಿಬರುತ್ತಿದ್ದರು. ಅವರನ್ನು ನೋಡಿ ನನಗೆ ಬಹಳ ಸಂಕಟವಾಯಿತು. ನನಗೆ ಇಪ್ಪತ್ನಾಲ್ಕು ವರ್ಷ ಅಭ್ಯಾಸವಾಗಿದ್ದ ಲೆಕ್ಕಾಚಾರವನ್ನು, ಅಂದರೆ ಯಾವ ರಸ್ತೆ, ಎಷ್ಟು ಹೊತ್ತು, ಯಾರ ಜೊತೆ ಎಂಬುದನ್ನು, ಅವರು ಪರದೇಶದಲ್ಲಿ ಒಂದೇ ವಾರದಲ್ಲಿ ಕಲಿಯಬೇಕಾಗಿತ್ತು.

ನಾನಾದರೋ ಸನ್‌ಶೈನಿನ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ ಮುಗಿಸಿ ರಾತ್ರಿ ಒಂಬತ್ತೂವರೆಯ ಮೇಲೆ ರೈಲು ಹತ್ತಿ, ಸೇಂಟ್ ಆಲ್ಬನ್ಸಿನಲ್ಲಿ ಇಳಿದು ಹದಿನೈದು ನಿಮಿಷ ನಡೆಯುತ್ತಿದ್ದೆ. ಭಯವಿರಲಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಅರಸೀಕೆರೆಯಲ್ಲಿ ಟಿವಿ ಮುಂದೆ ಕುಳಿತಿದ್ದ ಅಮ್ಮನಿಗಂತೂ ನಂಬಿಸಲು ಸಾಧ್ಯವೇ ಇರಲಿಲ್ಲ. ರಕ್ತಸಿಕ್ತ ಮುಖಗಳನ್ನು ಸುದ್ದಿ ವಾಹಿನಿಗಳಲ್ಲಿ ದಿನಕ್ಕೆ ಹತ್ತು ಸಲ ನೋಡಿ, ನಾನಿರುವ ಊರೆಂದರೆ ಹೆಜ್ಜೆಗೊಬ್ಬ ಕೊಲೆಗಾರ ನಿಂತಿರುವ ಊರು ಎಂದು ಆಕೆ ತಿಳಿದಿದ್ದರು. ಬೆಂಗಳೂರಿನಲ್ಲಿದ್ದ ಎರಡು ವರ್ಷ ದಿನವೂ ಬಸ್ಸಿನಲ್ಲಿ ನನಗೆ ಏನಾಗುತ್ತಿತ್ತು ಎಂಬುದು ಮಾತ್ರ ಆಕೆಗೆ ತಿಳಿದಿರಲಿಲ್ಲ. ಅದು ಯಾವ ವಾಹಿನಿಯಲ್ಲೂ ಬರುತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ದಿನನಿತ್ಯದ ಸಣ್ಣ ಅವಮಾನವನ್ನು ಅಪರಾಧವೆಂದು ಎಣಿಸದೆ ಬೆಳೆದವರಿಗೆ ಅದು ಇಲ್ಲದಿರುವುದೇ ದೊಡ್ಡ ರಕ್ಷಣೆಯಾಗಿ ಕಾಣುತ್ತದೆ. ಊರಿನಲ್ಲಿ ಯಾವ ಕಾಟವೂ ಇಲ್ಲದವನಿಗೆ ಇಲ್ಲಿ ಒಮ್ಮೆ ಬಿದ್ದ ಏಟೇ ಬದುಕನ್ನು ಬದಲಿಸುತ್ತದೆ. ಒಂದೇ ರೈಲಿನ ಒಂದೇ ಡಬ್ಬಿಯಲ್ಲಿ ಕುಳಿತ ನಾನೂ ದಾವಣಗೆರೆಯ ಆ ಗೆಳೆಯನೂ ಎರಡು ಬೇರೆ ಬೇರೆ ನಗರಗಳಲ್ಲಿದ್ದೆವು.

ಜಗತ್ತಿನಾದ್ಯಂತ ಸಮೀಕ್ಷೆ ಮಾಡುವವರು, ಗ್ಯಾಲಪ್‌ನವರಿಂದ ಹಿಡಿದು ಇಲ್ಲಿನ ಸರಕಾರಿ ಅಂಕಿಅಂಶ ಇಲಾಖೆಯವರೆಗೆ, ಜನರನ್ನು ಕೇಳುವ ಪ್ರಶ್ನೆ ಒಂದೇ: ನಿಮ್ಮ ಪ್ರದೇಶದಲ್ಲಿ ರಾತ್ರಿ ಒಬ್ಬರೇ ನಡೆದುಹೋಗುವಾಗ ಸುರಕ್ಷಿತ ಎನಿಸುತ್ತದೆಯೇ? ವಲಸೆ ಬಂದವರನ್ನು ಕೇಳುವಾಗ ಇದಕ್ಕೆ ಇನ್ನೊಂದನ್ನು ಸೇರಿಸಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಏನಾದರೂ ಆದರೆ ಯಾರನ್ನು ಕೂಗುತ್ತೀರಿ?

ಆ ಪ್ರಶ್ನೆ ನನ್ನ ಮನಸ್ಸಿಗೆ ಬಂದದ್ದು 2015ರಲ್ಲಿ. ಆ ವರ್ಷದ ಮಾರ್ಚ್ 7ರ ರಾತ್ರಿ ಸಿಡ್ನಿಯ ವೆಸ್ಟ್‌ಮೀಡಿನಲ್ಲಿ, ಬೆಂಗಳೂರಿನಿಂದ ಕೆಲಸದ ಮೇಲೆ ಬಂದಿದ್ದ ನಮ್ಮ ಕರಾವಳಿಯ ಹೆಣ್ಣುಮಗಳೊಬ್ಬಳು ಸ್ಟೇಷನ್ನಿನಿಂದ ಪಾರ್ಕಿನ ಕಾಲುದಾರಿಯಲ್ಲಿ ಮನೆಗೆ ನಡೆದು ಹೋಗುತ್ತಿದ್ದಾಗ ಇರಿತಕ್ಕೆ ಬಲಿಯಾದರು. ಆಗ ಅವರು ಬೆಂಗಳೂರಿನಲ್ಲಿದ್ದ ಗಂಡನೊಡನೆ ಫೋನಿನಲ್ಲಿ ಮಾತಾಡುತ್ತಿದ್ದರು. ನಾಲ್ಕು ವರ್ಷಗಳ ನಂತರ, 2019ರ ಜನವರಿಯಲ್ಲಿ, ನಮ್ಮ ಮೆಲ್ಬರ್ನಿನಲ್ಲೇ, ಬಂಡೂರಾದಲ್ಲಿ 86ನೇ ನಂಬರಿನ ಟ್ರಾಮಿನಿಂದ ಇಳಿದು ಮನೆಗೆ ಹೋಗುತ್ತಿದ್ದ ಇಸ್ರೇಲಿನ ವಿದ್ಯಾರ್ಥಿನಿಯನ್ನು ಒಬ್ಬ ಕೊಂದ. ಆಕೆಯೂ ಆ ಹೊತ್ತಿನಲ್ಲಿ ಪರದೇಶದಲ್ಲಿದ್ದ ತನ್ನ ಸೋದರಿಯೊಡನೆ ಫೋನಿನಲ್ಲಿದ್ದಳು.

ಈ ಎರಡು ಸುದ್ದಿಗಳಲ್ಲಿ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಆ ಫೋನು. ರಾತ್ರಿ ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ ಊರಿಗೆ ಫೋನು ಮಾಡುವುದು ಇಲ್ಲಿರುವ ನಮ್ಮೆಲ್ಲ ಹೆಣ್ಣುಮಕ್ಕಳ ರೂಢಿ. ಇಲ್ಲಿ ರಾತ್ರಿ ಒಂಬತ್ತಾದಾಗ ಊರಿನಲ್ಲಿ ಚಳಿಗಾಲದ ಲೆಕ್ಕದಲ್ಲಿ ನಾಲ್ಕೂವರೆ, ಬೇಸಿಗೆಯಲ್ಲಿ ಮೂರೂವರೆ. ಅಮ್ಮ ಕಾಫಿ ಹಿಡಿದು ಕುಳಿತಿರುವ ಸಮಯ. ಕಿವಿಯಲ್ಲಿ ಅಮ್ಮನ ದನಿ ಇದ್ದರೆ ಪಕ್ಕದಲ್ಲಿ ಯಾರೋ ನಡೆದು ಬರುತ್ತಿದ್ದಾರೆ ಎನ್ನುವ ಭಾವನೆ, ಅಪಾಯ ಮಾಡಲು ಬಂದವನಿಗೂ ಈಕೆ ಒಬ್ಬಳೇ ಅಲ್ಲ ಎಂದು ತಿಳಿಯುತ್ತದೆ ಎನ್ನುವ ನಂಬಿಕೆ. ಆದರೆ ಆ ಫೋನಿನ ಇನ್ನೊಂದು ತುದಿಯಲ್ಲಿ ಇರುವವರು ಕೂಗು ಕೇಳಬಲ್ಲರೇ ಹೊರತು ಓಡಿ ಬರಲಾರರು. ಅವರು ಕರೆಯಬೇಕಾದ ನಂಬರು ಯಾವುದೆಂಬುದು ಕೂಡ ಅವರಿಗೆ ತಿಳಿದಿರುವುದಿಲ್ಲ, ಏಕೆಂದರೆ ಇಲ್ಲಿನ ತುರ್ತು ಸಂಖ್ಯೆ 000ಕ್ಕೆ ಅರಸೀಕೆರೆಯಿಂದ ಕರೆ ಮಾಡಿದರೆ ಹೋಗುವುದಿಲ್ಲ. 2015ರ ಆ ವಾರದ ನಂತರ ನಾನು ನಡೆಯುವಾಗ ಊರಿಗೆ ಫೋನು ಮಾಡುವುದನ್ನು ಬಿಟ್ಟೆ. ಏನಾದರೂ ಆಗುವುದಾದರೆ ಅಮ್ಮ ಅದನ್ನು ಕೇಳಿಸಿಕೊಳ್ಳಬಾರದು ಎಂಬುದಷ್ಟೇ ಕಾರಣ.

ಒಳ್ಳೆಯದನ್ನೂ ಹೇಳಬೇಕು. 2012ರಿಂದ ಮೆಲ್ಬರ್ನಿನ ರೈಲು ನಿಲ್ದಾಣಗಳಲ್ಲಿ ಸಂಜೆ ಆರರಿಂದ ಕೊನೆಯ ರೈಲಿನವರೆಗೆ ಶಸ್ತ್ರಧಾರಿ ರಕ್ಷಣಾ ಸಿಬ್ಬಂದಿಯನ್ನು ನಿಲ್ಲಿಸತೊಡಗಿದರು. 940 ಜನರನ್ನು ನೇಮಿಸುವ ಯೋಜನೆ ಅದು. ಅಷ್ಟು ದುಡ್ಡು ಸುರಿಯುವಷ್ಟು ಅಪರಾಧ ಅಲ್ಲಿ ಇತ್ತೇ ಎಂದು ಪ್ರಶ್ನಿಸಿದವರು ಅನೇಕರಿದ್ದರು. ನನ್ನ ಮಟ್ಟಿಗೆ, ಪ್ಲಾಟ್‌ಫಾರ್ಮಿನಲ್ಲಿ ಹಳದಿ ಅಂಗಿ ತೊಟ್ಟ ಇಬ್ಬರು ನಿಂತಿರುವುದನ್ನು ಕಂಡಾಗ ಭುಜಗಳು ತಾವಾಗಿಯೇ ಇಳಿಯುತ್ತವೆ. ಕೇಳಿದರೆ ಕಾರಿನವರೆಗೂ ಜೊತೆಗೆ ನಡೆದು ಬರುತ್ತಾರೆ. ಯಾರನ್ನು ಕೂಗುವುದು ಎಂಬ ನನ್ನ ಪ್ರಶ್ನೆಗೆ ಈ ನಗರ ಕೊಟ್ಟ ಮೊದಲ ಉತ್ತರ ಅದು.

2014ರಲ್ಲಿ ನಾವು ಪಶ್ಚಿಮದ ಪಾಯಿಂಟ್ ಕುಕ್‌ನಲ್ಲಿ ಮನೆ ಕೊಂಡೆವು. ಮದುವೆಯಾಗಿ, ಮಗಳು ಹುಟ್ಟಿ, ಕಾರು ಬಂದು, ರಾತ್ರಿಯ ನಡಿಗೆ ಬರಬರುತ್ತ ನಿಂತುಹೋಯಿತು. ಬೀದಿಯ ಭಯ ನನ್ನ ಬದುಕಿನಿಂದ ಹೆಚ್ಚುಕಡಿಮೆ ಹೊರಟೇಹೋಯಿತು ಎಂದುಕೊಂಡಿದ್ದೆ. ಅದು ಹತ್ತು ವರ್ಷಗಳ ನಂತರ ಮನೆಯೊಳಕ್ಕೇ ಬಂತು.

2024ರ ಜುಲೈ ತಿಂಗಳ ಒಂದು ಬೆಳಿಗ್ಗೆ ಆರು ಗಂಟೆಗೆ ಎದ್ದು ಅಡುಗೆಮನೆಗೆ ಬಂದಾಗ ಕಾಲಿಗೆ ಥಂಡಿ ಗಾಳಿ ಬಡಿಯಿತು. ಹಿತ್ತಿಲ ಕಡೆಯ ಸರಿಸುವ ಗಾಜಿನ ಬಾಗಿಲು ಅರ್ಧ ತೆರೆದಿತ್ತು, ಪರದೆ ಹೊರಗೂ ಒಳಗೂ ಆಡುತ್ತಿತ್ತು. ನನ್ನ ಅಜ್ಜಿ ಕುಂಕುಮ ಇಡುತ್ತಿದ್ದ ಸಣ್ಣ ಹಿತ್ತಾಳೆ ಬಟ್ಟಲಿನಲ್ಲಿ ನಾವು ಕೀಲಿಕೈಗಳನ್ನು ಹಾಕಿಡುತ್ತಿದ್ದೆವು; ಅದು ಕಟ್ಟೆಯ ಮೇಲೆ ಬೋರಲಾಗಿ ಬಿದ್ದಿತ್ತು. ಅಂಗಳದಲ್ಲಿ ಕಾರು ಇರಲಿಲ್ಲ. ನಾನು ಮೊದಲು ಓಡಿದ್ದು ಮಗಳ ಕೋಣೆಗೆ. ಅವಳು ಗೋಡೆಯ ಕಡೆ ಮುಖ ಮಾಡಿ ನಿದ್ದೆ ಮಾಡುತ್ತಿದ್ದಳು. ಅವಳ ಕೋಣೆಯ ಬಾಗಿಲು ನಾವು ರಾತ್ರಿ ಬಿಟ್ಟಿದ್ದಕ್ಕಿಂತ ಹೆಚ್ಚು ತೆರೆದಿತ್ತೋ, ಅಥವಾ ಅಷ್ಟೇ ತೆರೆದಿತ್ತೋ ಎಂಬುದು ಇವತ್ತಿಗೂ ನನಗೆ ಇತ್ಯರ್ಥವಾಗಿಲ್ಲ.

ಬೇರೆ ಏನೂ ಹೋಗಿರಲಿಲ್ಲ. ಪೊಲೀಸರು ಬಂದರು, ಸೌಜನ್ಯದಿಂದ ಮಾತಾಡಿಸಿದರು, ಬೆರಳಚ್ಚಿಗಾಗಿ ಬಾಗಿಲಿಗೆಲ್ಲ ಕಪ್ಪು ಪುಡಿ ಬಳಿದರು. ಮನೆಯವರು ಒಳಗಿರುವಾಗಲೇ ನಡೆಯುವ ಇಂಥ ಕಳವಿಗೆ, ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಕಾನೂನಿನಲ್ಲಿ ಬೇರೆಯೇ ಹೆಸರಿದೆ, ಗರಿಷ್ಠ 25 ವರ್ಷಗಳ ಸೆರೆವಾಸವಿದೆ ಎಂಬುದು ನನಗೆ ಅವತ್ತು ತಿಳಿಯಿತು. ಈಗ ಇಲ್ಲಿ ಕಳ್ಳರು ಮನೆಗೆ ನುಗ್ಗುವುದು ಎಷ್ಟೋ ಸಲ ಕಾರಿನ ಕೀಲಿಗಾಗಿ. ರಾಜ್ಯದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ವಾಹನಗಳು ಕಳವಾಗುತ್ತಿವೆ, ಮಾಡುವವರಲ್ಲಿ ಎಷ್ಟೋ ಜನ ಇನ್ನೂ ಮೀಸೆ ಮೂಡದ ಹುಡುಗರು. ನಮ್ಮ ಕಾರು ನಾಲ್ಕು ದಿನಗಳ ನಂತರ ಬೇರೊಂದು ಬಡಾವಣೆಯಲ್ಲಿ ಸಿಕ್ಕಿತು. ಆ ಕಪ್ಪು ಪುಡಿ ಮಾತ್ರ ಬಾಗಿಲಿನ ಸಂದಿಯಿಂದ ಎಷ್ಟು ಒರೆಸಿದರೂ ವಾರಗಟ್ಟಲೆ ಬರುತ್ತಲೇ ಇತ್ತು.

ಅವತ್ತು ಮಧ್ಯಾಹ್ನ ಪಕ್ಕದ ಮನೆಯ ವಯಸ್ಸಾದ ಹೆಂಗಸು ತಮ್ಮ ಕ್ಯಾಮೆರಾದ ದೃಶ್ಯ ಹಿಡಿದು ಬಂದರು. ಹತ್ತು ವರ್ಷದಿಂದ ಕೈ ಬೀಸಿ ನಗುತ್ತಿದ್ದ ಆಕೆಯ ಹೆಸರನ್ನು ನಾನು ಅವತ್ತು ಮೊದಲ ಸಲ ಕೇಳಿದೆ. ಅದಕ್ಕಾಗಿ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅರಸೀಕೆರೆಯ ನಮ್ಮ ಬೀದಿಯಲ್ಲಿ ಅಪರಿಚಿತನೊಬ್ಬ ಎರಡು ಸಲ ಹಾದುಹೋದರೆ ಮೂರನೆಯ ಸಲಕ್ಕೆ ಜಗಲಿಯ ಮೇಲಿಂದ ಯಾರಾದರೂ "ಯಾರ ಮನೆಗಪ್ಪಾ?" ಎಂದು ಕೇಳಿಯೇ ಕೇಳುತ್ತಿದ್ದರು. ಆ ಕಣ್ಣುಗಳಿಂದ ತಪ್ಪಿಸಿಕೊಂಡು ಬಂದದ್ದು ನನಗೆ ಬಿಡುಗಡೆಯಾಗಿತ್ತು, ಅದನ್ನು ಅಲ್ಲಗಳೆಯಲಾರೆ. ನಾನು ಯಾರೊಡನೆ ಮಾತಾಡಿದೆ, ಎಷ್ಟು ಹೊತ್ತಿಗೆ ಬಂದೆ ಎಂಬುದನ್ನೂ ಅವೇ ಕಣ್ಣುಗಳು ಎಣಿಸುತ್ತಿದ್ದವು. ಇಲ್ಲಿ ಆ ಕೆಲಸವನ್ನು ಬಾಗಿಲ ಗಂಟೆಯ ಕ್ಯಾಮೆರಾಗಳು ಮಾಡುತ್ತವೆ. ನಮ್ಮಲ್ಲೂ ಒಂದು ಹಾಕಿಸಿದೆವು, ಬೀದಿಯ ವಾಟ್ಸಾಪ್ ಗುಂಪಿಗೂ ಸೇರಿದೆವು. ಅದರಿಂದ ಧೈರ್ಯ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ಯಾರದೋ ಅಂಗಳದಲ್ಲಿ ಟೊಪ್ಪಿಗೆ ಎಳೆದುಕೊಂಡವನ ನೆರಳು, ಮೂರು ಗಂಟೆಗೆ ಇನ್ಯಾರದೋ ಕಾರಿನ ಬಾಗಿಲು ಎಳೆದು ನೋಡುವ ಕೈ. ಮೊದಲು ಒಂದು ಮನೆಗೆ ಆಗುತ್ತಿದ್ದ ಅಂಜಿಕೆ ಈಗ ನೂರು ಮನೆಗೆ ಹಂಚಿಕೆಯಾಗುತ್ತದೆ. ಮೂರು ತಿಂಗಳ ನಂತರ ನಾನು ಗುಂಪಿನಿಂದ ಹೊರಬಂದೆ, ಪಕ್ಕದ ಮನೆಯಾಕೆಯ ನಂಬರನ್ನು ಮಾತ್ರ ಇಟ್ಟುಕೊಂಡೆ.

ಒಡವೆಯ ಮಾತು ಬೇರೆ. ಭಾರತೀಯರ ಮನೆಯಲ್ಲಿ ಚಿನ್ನವಿರುತ್ತದೆ ಎಂಬುದು ಕಳ್ಳರಿಗೆ ಗೊತ್ತು. ದೀಪಾವಳಿಯ ಆಸುಪಾಸಿನಲ್ಲಿ ನಮ್ಮವರು ಒಬ್ಬರನ್ನೊಬ್ಬರು ಎಚ್ಚರಿಸುವುದು ಇದ್ದೇ ಇದೆ. ಇಲ್ಲಿನ ಮನೆವಿಮೆಗಳಲ್ಲಿ ಒಡವೆಗೆ ಮಿತಿ ಇರುತ್ತದೆ, ಬೆಲೆಬಾಳುವ ಒಂದೊಂದನ್ನೂ ಹೆಸರಿಸಿ, ಬೆಲೆ ಕಟ್ಟಿಸಿ ಬರೆಸದಿದ್ದರೆ ಪೂರ್ತಿ ಪರಿಹಾರ ಸಿಗುವುದಿಲ್ಲ ಎಂಬುದನ್ನು ಮಾತ್ರ ಹೊಸಬರಿಗೆ ಹೇಳಿ ಮುಂದೆ ಹೋಗುತ್ತೇನೆ.

ಇದಕ್ಕಿಂತ ಹೆಚ್ಚು ಹೊತ್ತು ಹೇಳಬೇಕಾದದ್ದು ಬೀಗದ ಒಳಗೇ ಇರುವ ಅಪಾಯದ ಬಗ್ಗೆ. ಕನ್ನಡದ ಕಾರ್ಯಕ್ರಮವೊಂದರಲ್ಲಿ ಪರಿಚಯವಾದ ಹುಡುಗಿಯೊಬ್ಬಳು, ಗಂಡನ ವೀಸಾದ ಮೇಲೆ ಬಂದವಳು, ಎರಡು ವರ್ಷ ಪೆಟ್ಟು ತಿಂದಳು. ಪಾಸ್‌ಪೋರ್ಟು ಅವನ ಬೀರುವಿನಲ್ಲಿತ್ತು. ಪೊಲೀಸರಿಗೆ ಹೇಳಿದರೆ ನಿನ್ನನ್ನೇ ಊರಿಗೆ ಅಟ್ಟುತ್ತಾರೆ ಎಂದು ಅವನು ಹೇಳಿದ್ದನ್ನು ಅವಳು ನಂಬಿದ್ದಳು. ಅವಳನ್ನು ಆ ಸಮೀಕ್ಷೆಯ ಪ್ರಶ್ನೆ ಕೇಳಿದ್ದರೆ, ರಾತ್ರಿ ಒಬ್ಬಳೇ ನಡೆಯುವಾಗ ಬಹಳ ಸುರಕ್ಷಿತ ಎನಿಸುತ್ತದೆ ಎಂದೇ ಹೇಳುತ್ತಿದ್ದಳು. ಅವಳಿಗೆ ಉಸಿರಾಡಲು ಆಗುತ್ತಿದ್ದದ್ದು ಹಾಲು ತರಲು ಹೊರಗೆ ಹೋದ ಆ ಇಪ್ಪತ್ತು ನಿಮಿಷ. ಅಪರಾಧಕ್ಕೆ ಗುರಿಯಾದ ಮಾತ್ರಕ್ಕೆ ಯಾರ ವೀಸಾವೂ ಹೋಗುವುದಿಲ್ಲ. ಗಂಡ ಅಥವಾ ಹೆಂಡತಿಯ ಆಧಾರದ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಿರುವವರ ಸಂಬಂಧ ಕೌಟುಂಬಿಕ ಹಿಂಸೆಯಿಂದ ಮುರಿದುಬಿದ್ದರೂ ಅವರಿಗೆ ಕಾಯಂ ವಾಸ ಕೊಡಲು ಆಸ್ಟ್ರೇಲಿಯದ ವಲಸೆ ನಿಯಮಗಳಲ್ಲಿ ಅವಕಾಶವಿದೆ. ವಿಕ್ಟೋರಿಯಾದ ಕಾನೂನು 2019ರಿಂದ ವರದಕ್ಷಿಣೆಯ ಪೀಡನೆಯನ್ನೂ ಕೌಟುಂಬಿಕ ಹಿಂಸೆಯ ಉದಾಹರಣೆಯಾಗಿ ಹೆಸರಿಸಿಯೇ ಹೇಳುತ್ತದೆ. ವಲಸೆ ಬಂದ ಹೆಣ್ಣುಮಕ್ಕಳಿಗೆಂದೇ ಕೆಲಸ ಮಾಡುವ ಇನ್‌ಟಚ್ ಎಂಬ ಸಂಸ್ಥೆ ಮೆಲ್ಬರ್ನಿನಲ್ಲಿದೆ. ಇಂಗ್ಲಿಷ್ ಬಾರದವರು 131 450ಕ್ಕೆ ಕರೆ ಮಾಡಿ ದುಭಾಷಿಯನ್ನು ಕೇಳಬಹುದು. ಇದನ್ನು ನಾನು ಇಷ್ಟು ಬಿಡಿಸಿ ಬರೆಯುತ್ತಿರುವುದಕ್ಕೆ ಕಾರಣ, ಅವಳಿಗೆ ಇದೆಲ್ಲ ಗೊತ್ತಾದದ್ದು ಎರಡು ವರ್ಷ ತಡವಾಗಿ. ನಮ್ಮ ಜನ ಸೇರಿದ ಎಷ್ಟೋ ಹಬ್ಬದೂಟಗಳಲ್ಲಿ ಅವಳ ಪಕ್ಕದಲ್ಲಿ ಕುಳಿತು, ಪೂರ್ತಿ ತೋಳಿನ ರವಿಕೆ ಚೆನ್ನಾಗಿದೆ ಎಂದವರಲ್ಲಿ ನಾನೂ ಒಬ್ಬಳು.

ಮಗಳಿಗೆ ಈಗ ಹದಿಮೂರು. ಇಲ್ಲೇ ಹುಟ್ಟಿದವಳು, ಅವಳ ಭಯದ ನಕ್ಷೆಯೇ ಬೇರೆ. 2025ರ ಮೇ ತಿಂಗಳಲ್ಲಿ ನಾರ್ತ್‌ಲ್ಯಾಂಡ್ ಎಂಬ ಮಾಲಿನೊಳಗೆ ಹಾಡಹಗಲೇ ಎರಡು ಗುಂಪುಗಳು ಮಶೆಟಿ ಹಿಡಿದು ಹೊಡೆದಾಡಿದ ಮೇಲೆ ಅವಳ ಶಾಲೆಯಲ್ಲಿ ಮಕ್ಕಳ ಬಾಯಲ್ಲಿ ಅದೇ ಮಾತು. ಸೆಪ್ಟೆಂಬರ್ 1ರಿಂದ ರಾಜ್ಯದಲ್ಲಿ ಅದನ್ನು ಇಟ್ಟುಕೊಳ್ಳುವುದೇ ನಿಷಿದ್ಧವಾಯಿತು, ಇದ್ದವರು ತಂದು ಹಾಕಲೆಂದು ಪೊಲೀಸ್ ಠಾಣೆಗಳ ಮುಂದೆ ದೊಡ್ಡ ಪೆಟ್ಟಿಗೆಗಳನ್ನು ಇಟ್ಟರು. ಕನ್ನಡದಲ್ಲಿ ಅದಕ್ಕೆ ಏನನ್ನುತ್ತಾರೆ ಎಂದು ಅವಳು ಕೇಳಿದಳು. ಮಚ್ಚು ಎಂದೆ. ಅಜ್ಜಿಯ ಮನೆಯಲ್ಲಿ ನೋಡಿದ್ದೀಯಲ್ಲ, ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿರುತ್ತದೆ, ಎಳನೀರು ಕೊಚ್ಚುವುದು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ತೆಂಗಿನ ಸೀಮೆಯಲ್ಲಿ ಬೆಳೆದ ನನಗೆ ಮಚ್ಚು ಎಂದರೆ ಬೇಸಿಗೆ ರಜೆ, ಅಂಗಳದಲ್ಲಿ ರಾಶಿ ಬಿದ್ದ ಎಳನೀರ ಬುರುಡೆ. ಅವಳಿಗೆ ಅದು ಮಾಲಿನ ಊಟದಂಗಡಿಗಳ ನಡುವೆ ಓಡುವ ಜನ. ಮುಂದಿನ ಸಲ ಊರಿಗೆ ಹೋದಾಗ ಆ ಗೋಡೆಯನ್ನು ಅವಳು ಯಾವ ಕಣ್ಣಿನಿಂದ ನೋಡುತ್ತಾಳೋ.

ಅಜ್ಜಿಯ ಮನೆಯೂ ಈಗ ಹಳೆಯ ಮನೆಯಲ್ಲ. ನಾವು ಪರದೇಶದಲ್ಲಿರುವವರು ಇವತ್ತಿನ ಮೆಲ್ಬರ್ನನ್ನು ಅಳೆಯುವುದು ಮನಸ್ಸಿನಲ್ಲಿ ನಿಂತುಹೋದ ಊರಿನ ಎದುರು. ಹಗಲೆಲ್ಲ ಬಾಗಿಲು ತೆರೆದಿರುತ್ತಿದ್ದ ಆ ಮನೆಗೆ ಈಗ ಕಬ್ಬಿಣದ ಗ್ರಿಲ್ಲು ಬಂದಿದೆ, ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬರೇ ಇದ್ದಾರೆ, ಎದುರು ಮನೆಯವರ ಮಕ್ಕಳೂ ಬೆಂಗಳೂರು ಸೇರಿ ಜಗಲಿ ಖಾಲಿಯಾಗಿದೆ. ಮಾರುಕಟ್ಟೆಗೆ ಹೋಗುವಾಗ ಸರಗಳ್ಳರಿಗೆ ಹೆದರಿ ಅಮ್ಮ ಸೆರಗನ್ನು ಕತ್ತಿನ ಸುತ್ತ ಹೊದ್ದುಕೊಳ್ಳುತ್ತಾರೆ. ಹದಿನಾರು ವರ್ಷದ ಹಿಂದೆ ಆಕೆ ನನಗಾಗಿ ಎಷ್ಟು ಹೆದರಿದ್ದರೋ ಅದರ ಎರಡರಷ್ಟು ನಾನೀಗ ಆಕೆಗಾಗಿ ಹೆದರುತ್ತೇನೆ. ನಮ್ಮ ಮನೆಗೆ ಕಳ್ಳರು ಬಂದದ್ದನ್ನು ಇವತ್ತಿಗೂ ಹೇಳಿಲ್ಲ. ಆಕೆಯೂ ನನಗೆ ಎಷ್ಟನ್ನು ಹೇಳಿಲ್ಲವೋ ತಿಳಿಯದು.

ಕಳೆದ ಆಗಸ್ಟಿನ ಒಂದು ಗುರುವಾರ ರಾತ್ರಿ ನಾನು ವಿಲಿಯಮ್ಸ್ ಲ್ಯಾಂಡಿಂಗ್ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಬಾಗಿಲುಗಳ ಲಾಕು ಒತ್ತಿ ಕಾಯುತ್ತಿದ್ದೆ. ಮಗಳು ಫುಟ್ಸ್‌ಕ್ರೇಯಲ್ಲಿ ಭರತನಾಟ್ಯದ ತರಗತಿ ಮುಗಿಸಿ ಗೆಳತಿಯ ಜೊತೆ ಎಂಟೂ ನಲವತ್ತರ ರೈಲಿಗೆ ಬರುವವಳಿದ್ದಳು. ಅವರು ಬರುವ ಮೊದಲು ಮೆಟ್ಟಿಲಿಳಿದು ಬಂದದ್ದು ಒಬ್ಬ ಹುಡುಗಿ, ನೋಡಿದರೆ ಊರಿನಿಂದ ಬಂದು ಕೆಲವೇ ತಿಂಗಳಾದವಳು, ಹೊಸ ಜಾಕೀಟಿನ ಮಡಿಕೆ ಇನ್ನೂ ಮಾಸಿರಲಿಲ್ಲ. ರಕ್ಷಣಾ ಸಿಬ್ಬಂದಿಯೊಬ್ಬರು ಬಸ್ಸಿನ ನಿಲ್ದಾಣದವರೆಗೆ ಅವಳ ಪಕ್ಕದಲ್ಲೇ ನಡೆದರು. ಅವಳು ಫೋನಿನಲ್ಲಿ ಮಾತಾಡುತ್ತಿದ್ದಳು. ನನ್ನ ಕಾರಿನ ಮುಂದೆ ಹಾದುಹೋಗುವಾಗ ನನ್ನನ್ನು ಕಂಡು ದನಿ ಇಳಿಸಿದಳು, ಭಾಷೆ ಯಾವುದೆಂದು ನನಗೆ ತಿಳಿಯಲಿಲ್ಲ.

ಅವಳ ಹಿಂದೆಯೇ ನನ್ನ ಮಗಳು ಬಂದಳು, ಫೋನನ್ನು ಸ್ಪೀಕರಿಗೆ ಹಾಕಿ, ಇಡೀ ಪಾರ್ಕಿಂಗಿಗೆ ಕೇಳಿಸುವಂತೆ ಅರಸೀಕೆರೆಯ ಅಜ್ಜಿಗೆ ಅವತ್ತು ಕಲಿತ ಜತಿಯನ್ನು ಹೇಳಿ ಒಪ್ಪಿಸುತ್ತಾ. ರಸ್ತೆಯಲ್ಲಿ ಫೋನು ಬೇಡ ಎಂದು ನಾನು ನೂರು ಸಲ ಹೇಳಿದ್ದೇನೆ. ಅವತ್ತು ಹೇಳಲಿಲ್ಲ. ಕಾರು ಹತ್ತಿ ಫೋನನ್ನು ನನ್ನ ಕೈಗೆ ಕೊಟ್ಟಳು. ಊರಿನಲ್ಲಿ ಆಗ ನಾಲ್ಕೂ ಕಾಲಿನ ಹೊತ್ತು.

"ಕಾರಿನ ಬಾಗಿಲು ಹಾಕಿಕೊಂಡೆಯಾ?" ಎಂದರು ಅಮ್ಮ.

"ಹಾಕಿಕೊಂಡೆ. ನೀನು ಗ್ರಿಲ್ಲು ಹಾಕಿದ್ದೀಯಾ?"

"ಬಿಸಿಲಿದೆಯಲ್ಲ ಇನ್ನೂ. ದೀಪ ಹಚ್ಚುವ ಹೊತ್ತಿಗೆ ಹಾಕುತ್ತೇನೆ."